ರಾಯಚೂರಿನ ಆರು ಭಾನುವಾರಗಳ ಚುನಾವಣಾ ಪಾಠ: ಒಬ್ಬ ಅಂಗಡಿಕಾರನ ವಿಮರ್ಶೆ

ಕಳೆದ ಮಳೆಗಾಲದಲ್ಲಿ ರಾಯಚೂರಿನಲ್ಲಿ ಆರು ಭಾನುವಾರ ನಡೆದ ಚುನಾವಣಾ ತಿಳಿವಳಿಕೆಯ ತರಗತಿಗೆ 900 ರೂಪಾಯಿ ಶುಲ್ಕ ಕಟ್ಟಿ ಹೋಗಿಬಂದೆ. ಈ ತರಗತಿಗೆ ಹೆಸರಿಲ್ಲ, ಬಾಗಿಲಿಗೆ ಫಲಕವೂ ಇಲ್ಲ. ನಿವೃತ್ತರಾದ ಒಬ್ಬ ರಾಜ್ಯಶಾಸ್ತ್ರದ ಉಪನ್ಯಾಸಕರು ಮತ್ತು ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ದುಡಿದ ಒಬ್ಬ ಶಿಕ್ಷಕರು ಸೇರಿ, ಒಂದು ಮನೆಯ ಮೇಲಂತಸ್ತಿನ ಹಜಾರದಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಪಾಠ ಮಾಡುತ್ತಾರೆ. ಬಾಯಿಂದ ಬಾಯಿಗೆ ಸುದ್ದಿ ತಿಳಿದು ಮೂವತ್ತು ಜನ ಸೇರಿದ್ದೆವು. ಮಾನ್ವಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನನಗೆ ವಾರದ ಒಂದೇ ರಜೆಯನ್ನು ಬಸ್ಸಿನಲ್ಲಿ ಕಳೆಯುವುದು ಸುಲಭವಾಗಿರಲಿಲ್ಲ. ಆದರೂ ಮುಂದಿನ ತಂಡ ಆರಂಭವಾದರೆ ನನ್ನ ಮಗನನ್ನು ಕಳಿಸಬೇಕೆಂದಿದ್ದೇನೆ. ಪಾಠದಲ್ಲಿ ನಾನು ಕಂಡ ಸತ್ವವನ್ನೂ ಕೊರತೆಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಉಪನ್ಯಾಸಕರು ಹಲಗೆಯ ಮೇಲೆ ಏನನ್ನೂ ಬರೆಯದೆ ಪ್ರತಿಯೊಬ್ಬರಿಗೂ ಒಂದು ಖಾಲಿ ಹಾಳೆ ಕೊಟ್ಟು, ನಿಮ್ಮ ವಿಧಾನಸಭಾ ಕ್ಷೇತ್ರ ಮತ್ತು ಲೋಕಸಭಾ ಕ್ಷೇತ್ರದ ಹೆಸರು ಬರೆಯಿರಿ ಎಂದರು. ಸಿಂಧನೂರಿನಿಂದ ಬಂದಿದ್ದ ಇಬ್ಬರು ಯುವಕರು ಧೈರ್ಯವಾಗಿ ರಾಯಚೂರು ಲೋಕಸಭಾ ಕ್ಷೇತ್ರ ಎಂದು ಬರೆದರು. ಉತ್ತರ ತಪ್ಪಾಗಿತ್ತು. ಸಿಂಧನೂರು ಮತ್ತು ಮಸ್ಕಿ ರಾಯಚೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಕೊಪ್ಪಳ ಕ್ಷೇತ್ರಕ್ಕೆ ಸೇರುತ್ತವೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಅದೇ ಕೊಪ್ಪಳ ಕ್ಷೇತ್ರದಲ್ಲಿದೆ. ಇತ್ತ ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಮತ್ತು ಯಾದಗಿರಿ ಬಂದು ಕೂಡಿವೆ. 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯ ಫಲ ಇದು. ಬಳ್ಳಾರಿ ಮತ್ತು ರಾಯಚೂರು ಲೋಕಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದೂ ಅದೇ ಸಂದರ್ಭದಲ್ಲಿ. ಯಾರು ಗೆಲ್ಲಬಹುದು ಎಂಬ ಪ್ರಶ್ನೆಯ ಅರ್ಧ ಉತ್ತರವನ್ನು, ಯಾರು ಯಾರ ಜೊತೆ ಒಂದೇ ಗೆರೆಯೊಳಗೆ ಕುಳಿತಿದ್ದಾರೆ ಎಂಬುದೇ ಮೊದಲು ನಿರ್ಧರಿಸಿಬಿಟ್ಟಿರುತ್ತದೆ ಎಂದು ಅವರು ಅಂದು ಹೇಳಿದ ಮಾತು ನನಗೆ ಇಡೀ ಆರು ವಾರ ಜೊತೆಗಿತ್ತು.

ಅದೇ ದಿನ ಅವರು 1951–52ರ ಮೊದಲ ಮಹಾಚುನಾವಣೆಯ ನಕಾಶೆಯನ್ನೂ ಬಿಚ್ಚಿಟ್ಟರು. ಆಗ ಬಳ್ಳಾರಿಯವರು ಮದ್ರಾಸ್ ರಾಜ್ಯದ ಮತದಾರರು, ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರಿನವರು ಹೈದರಾಬಾದ್ ರಾಜ್ಯದ ಮತದಾರರು. 1953ರಲ್ಲಿ ಬಳ್ಳಾರಿ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಅಂದಿನ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇರುತ್ತಿತ್ತು, ಮತದಾರರು ತಮಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬರುತ್ತಿದ್ದರು. ದೇಶದಲ್ಲಿ ಸುಮಾರು 28 ಲಕ್ಷ ಮಹಿಳೆಯರು ತಮ್ಮ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರಿಂದ ಅವರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು ಎಂಬುದನ್ನು ಕೇಳಿದಾಗ ತರಗತಿಯಲ್ಲಿದ್ದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡನೆಯ ಮತ್ತು ಮೂರನೆಯ ವಾರ ಶಿಕ್ಷಕರದ್ದು. ಒಂಬೈನೂರು ರೂಪಾಯಿ ಈ ಎರಡು ವಾರಗಳಿಗೇ ಸಂದಿತು ಎಂದರೆ ಉತ್ಪ್ರೇಕ್ಷೆಯಲ್ಲ. ರಟ್ಟಿನಲ್ಲಿ ಮಾಡಿದ ಬ್ಯಾಲೆಟ್ ಯೂನಿಟ್ (ಮತಯಂತ್ರದಲ್ಲಿ ಮತದಾರ ಗುಂಡಿ ಒತ್ತುವ ಭಾಗ), ಕಂಟ್ರೋಲ್ ಯೂನಿಟ್ (ಮತಗಳ ಲೆಕ್ಕ ಇಡುವ ಭಾಗ) ಮತ್ತು ವಿವಿಪ್ಯಾಟ್ (ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಸಾಧನ) ಮಾದರಿಗಳನ್ನು ಮೇಜಿನ ಮೇಲಿಟ್ಟು ನಮ್ಮಲ್ಲೇ ಕೆಲವರನ್ನು ಮತಗಟ್ಟೆ ಅಧಿಕಾರಿಗಳಾಗಿ, ಕೆಲವರನ್ನು ಅಭ್ಯರ್ಥಿಗಳ ಏಜೆಂಟರಾಗಿ ಕೂರಿಸಿದರು. ಮತದಾನ ಶುರುವಾಗುವ ಒಂದೂವರೆ ತಾಸು ಮೊದಲು ಏಜೆಂಟರ ಎದುರಿನಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಯಂತ್ರದ ಲೆಕ್ಕವನ್ನು ಚೀಟಿಗಳ ಲೆಕ್ಕದೊಂದಿಗೆ ತಾಳೆ ನೋಡಿ, ಆ ಅಣಕು ಮತಗಳನ್ನು ಅಳಿಸಿ, ಮುದ್ರೆಯ ಕಾಗದಗಳ ಮೇಲೆ ಏಜೆಂಟರ ಸಹಿ ಹಾಕಿಸುವ ಇಡೀ ಕ್ರಮವನ್ನು ನಾವು ನಮ್ಮ ಕೈಯಾರೆ ಮಾಡಿದೆವು. ಇಪ್ಪತ್ತೈದು ವರ್ಷ ಮತ ಹಾಕಿದ ನನಗೆ, ಬೆಳಿಗ್ಗೆ ಏಳಕ್ಕೆ ನಾನು ಮತಗಟ್ಟೆಯ ಬಾಗಿಲಿಗೆ ಬರುವ ಹೊತ್ತಿಗೆ ಒಳಗೆ ಇಷ್ಟೆಲ್ಲ ಮುಗಿದಿರುತ್ತದೆ ಎಂದು ಗೊತ್ತಿರಲಿಲ್ಲ. ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣಿಸುತ್ತದೆ ಎಂಬುದು ಗೊತ್ತಿತ್ತು, ಆದರೆ ಆ ಏಳು ಸೆಕೆಂಡನ್ನು ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ.

ಯಂತ್ರದ ಬಗ್ಗೆ ಅನುಮಾನದ ಪ್ರಶ್ನೆ ಬರದೆ ಇರುವುದುಂಟೇ? ಬಂತು, ಸಾಕಷ್ಟು ಬಿಸಿಯಾಗಿಯೇ ಬಂತು. ಶಿಕ್ಷಕರು ಯಾರನ್ನೂ ಹೀಯಾಳಿಸಲಿಲ್ಲ, ಯಂತ್ರದ ಪರವಾಗಿ ಭಾಷಣವನ್ನೂ ಮಾಡಲಿಲ್ಲ. ಯಾವ ಯಂತ್ರ ಯಾವ ಮತಗಟ್ಟೆಗೆ ಹೋಗುತ್ತದೆ ಎಂಬುದನ್ನು ಎರಡು ಹಂತಗಳಲ್ಲಿ ಕಂಪ್ಯೂಟರಿನ ಮೂಲಕ ಯಾದೃಚ್ಛಿಕವಾಗಿ ನಿಗದಿ ಮಾಡುವುದನ್ನು, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ತಾಳೆ ನೋಡಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದನ್ನು ವಿವರಿಸಿದರು. ಬಳಿಕ ನಮೂನೆ 17ಸಿಯ ಒಂದೊಂದು ನಕಲನ್ನು ನಮ್ಮ ಕೈಗಿತ್ತರು. ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ದಾಖಲಾಯಿತು ಎಂಬ ಲೆಕ್ಕದ ಹಾಳೆ ಅದು. ಮತದಾನ ಮುಗಿದ ಮೇಲೆ ಅದರ ಪ್ರತಿಯನ್ನು ಏಜೆಂಟರಿಗೆ ಕೊಡಲೇಬೇಕು, ಎಣಿಕೆಯ ದಿನ ಅದರ ಸಂಖ್ಯೆಗೂ ಯಂತ್ರದ ಸಂಖ್ಯೆಗೂ ವ್ಯತ್ಯಾಸ ಬಂದರೆ ಆಕ್ಷೇಪಣೆಗೆ ಅದೇ ಆಧಾರ. ಅನುಮಾನ ಇರುವವರು ಮನೆಯಲ್ಲಿ ಕುಳಿತು ಮಾತಾಡುವ ಬದಲು ಒಂದು ದಿನ ಏಜೆಂಟರಾಗಿ ಕುಳಿತು ಈ ಹಾಳೆಯನ್ನು ತರಬೇಕು ಎಂದು ಅವರು ಹೇಳಿದಾಗ, ಪ್ರಶ್ನೆ ಕೇಳಿದವರೇ ಆ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ನನ್ನ ಮಟ್ಟಿಗೆ ಪಾಠದ ತಿರುಳು ಇದ್ದದ್ದು ಮತದಾನದ ಗೌಪ್ಯತೆಯ ಚರ್ಚೆಯಲ್ಲಿ. ನನ್ನ ಅಂಗಡಿಗೆ ಬರುವ ರೈತರಲ್ಲಿ ಅನೇಕರು, ನಾವು ಯಾರಿಗೆ ಹಾಕಿದೆವು ಎಂಬುದು ಪಕ್ಷದವರಿಗೆ ಗೊತ್ತಾಗುತ್ತದೆ ಎಂದು ನಂಬುತ್ತಾರೆ. ಅದನ್ನು ಅಜ್ಞಾನ ಎಂದು ನಾನು ತಳ್ಳಿಹಾಕುತ್ತಿದ್ದೆ. ಒಬ್ಬ ವ್ಯಕ್ತಿಯ ಮತ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನಿಜ. ಆದರೆ ಎಣಿಕೆ ನಡೆಯುವುದು ಮತಗಟ್ಟೆವಾರು, ಫಲಿತಾಂಶ ಪ್ರಕಟವಾಗುವುದೂ ಮತಗಟ್ಟೆವಾರು. ಸಾವಿರ ಮತದಾರರಿರುವ ಒಂದು ಹಳ್ಳಿಗೆ ಒಂದೇ ಮತಗಟ್ಟೆ ಇದ್ದರೆ ಆ ಹಳ್ಳಿ ಯಾರ ಕಡೆ ವಾಲಿತು ಎಂಬುದು ಗೆದ್ದವರಿಗೂ ಸೋತವರಿಗೂ ಎಣಿಕೆಯ ದಿನವೇ ತಿಳಿಯುತ್ತದೆ. ಹಟ್ಟಿ ಬೇರೆ, ಊರು ಬೇರೆ ಎಂದು ಮತಗಟ್ಟೆಗಳು ಹಂಚಿಹೋಗಿರುವಲ್ಲಿ ಓಣಿಯ ಒಲವೇ ತಿಳಿಯುತ್ತದೆ. ಕಾಗದದ ಮತಪತ್ರದ ಕಾಲದಲ್ಲಿ ಅಗತ್ಯವೆನಿಸಿದ ಕಡೆ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದ ಮೇಲೆ ಆ ಮರೆ ಹೋಯಿತು. ಹಲವು ಯಂತ್ರಗಳ ಮತಗಳನ್ನು ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಎಂಬ ಸಾಧನವನ್ನು ಬಳಸೋಣವೆಂದು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಬೆಂಬಲಿಸಿತು, ಆದರೆ ಅದು ಜಾರಿಗೆ ಬರಲಿಲ್ಲ.

ಕಾಲುವೆಯ ಕೊನೆ ಭಾಗದ ಹಳ್ಳಿಯೊಂದಕ್ಕೆ ಇದರ ಅರ್ಥ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲ್ಭಾಗದಲ್ಲೇ ತೀರಿಹೋಗಿ ಮಾನ್ವಿ, ಸಿರವಾರದ ಹೊಲಗಳಿಗೆ ಬಾರದ ವರ್ಷ, ನೀರು ಬಿಡಿಸಲು ಯಾರ ಬಳಿ ಹೋಗುವುದು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಊರು ತಮಗೆ ಮತ ಹಾಕಿಲ್ಲವೆಂಬುದು ಗೆದ್ದವರಿಗೆ ಗೊತ್ತಿದೆ ಎಂಬ ಅಳುಕು ಅಲ್ಲಿ ನಿಜವಾದ ಅಳುಕು. ಊರಿನ ಹಿರಿಯರು ಕುಳಿತು ಒಂದೇ ಕಡೆ ಹಾಕೋಣ ಎಂದು ತೀರ್ಮಾನಿಸುವುದನ್ನು ನಾನು ಕುರಿಮಂದೆಯ ನಡೆ ಎಂದುಕೊಂಡಿದ್ದೆ. ಅದರ ಹಿಂದೆ ಎಣಿಕೆಯ ವಿಧಾನವನ್ನು ಅರಿತ ಲೆಕ್ಕಾಚಾರವೂ ಇರಬಹುದು ಎಂದು ಆ ಮಧ್ಯಾಹ್ನ ಮೊದಲ ಬಾರಿಗೆ ಅನಿಸಿತು. ಚುನಾವಣೆ ಹೇಗೆ ನಡೆಯುತ್ತದೆ ಎಂಬುದನ್ನೂ ಜನ ಏಕೆ ಹೀಗೆ ಮತ ಹಾಕುತ್ತಾರೆ ಎಂಬುದನ್ನೂ ಬೇರೆ ಬೇರೆ ಪಾಠಗಳಾಗಿ ಓದಿದರೆ ಇದು ಕಾಣುವುದಿಲ್ಲ. ಈ ತರಗತಿಯಲ್ಲಿ ಎರಡನ್ನೂ ಒಂದೇ ಮೇಜಿನ ಮೇಲಿಟ್ಟಿದ್ದರಿಂದ ಕಂಡಿತು.

ನಾಲ್ಕನೆಯ ವಾರ ಅಂಕಿಗಳದ್ದು. ಉಪನ್ಯಾಸಕರು ಒಂದು ಗಂಟೆ ತಡವಾಗಿ ಬಂದಿದ್ದರಿಂದ ಓಡಿಸಿದಂತಾಯಿತು, ಆದರೂ ಒಂದು ಹೋಲಿಕೆ ಮನಸ್ಸಿನಲ್ಲಿ ನಿಂತಿದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಮತ ಬಂದವು. ಆದರೆ ಸ್ಥಾನಗಳು ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80. 2023ರಲ್ಲಿ ಬಿಜೆಪಿಯ ಪಾಲು ಮತ್ತೆ ಶೇ 36ರ ಆಸುಪಾಸಿನಲ್ಲೇ ಇತ್ತು, ಸ್ಥಾನಗಳು ಮಾತ್ರ 66ಕ್ಕೆ ಇಳಿದವು. ಕಾಂಗ್ರೆಸ್ ಸುಮಾರು ಶೇ 43 ಮತದೊಂದಿಗೆ 135 ಸ್ಥಾನ ಗೆದ್ದಿತು. ಜೆಡಿಎಸ್‌ನ ಪಾಲು ಶೇ 18ರಿಂದ ಶೇ 13ರ ಹತ್ತಿರಕ್ಕೆ ಬಂದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ಒಂದು ಪಕ್ಷದ ಮತ ಕದಲದಿದ್ದರೂ, ಎದುರಿನವರ ಮತ ಒಗ್ಗೂಡಿದರೆ ಅದರ ಸ್ಥಾನಗಳು ಕರಗುತ್ತವೆ. ಗೆಲ್ಲದವನಿಗೆ ಹಾಕಿ ವೋಟು ಯಾಕೆ ಕೆಡಿಸಬೇಕು ಎಂದು ನಮ್ಮ ಜನ ಹೇಳುವ ಮಾತನ್ನೇ ಫ್ರಾನ್ಸಿನ ವಿದ್ವಾಂಸ ಮೋರಿಸ್ ಡ್ಯುವರ್ಜೆ, ಇಂಥ ಪದ್ಧತಿ ಎರಡು ಪಕ್ಷಗಳ ಕಡೆಗೆ ಜನರನ್ನು ತಳ್ಳುತ್ತದೆ ಎಂಬ ಸಿದ್ಧಾಂತವಾಗಿ ಮಂಡಿಸಿದ್ದರಂತೆ.

ಐದನೆಯ ವಾರ ಮಸ್ಕಿಯ ಕಥೆ ಬಂತು. 2018ರಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು 213 ಮತಗಳಿಂದ. ಬರೀ 107 ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶ ತಿರುಗುತ್ತಿತ್ತು. ಮುಂದೆ ಪ್ರತಾಪಗೌಡರು ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು, ತುರ್ವಿಹಾಳರು ಕಾಂಗ್ರೆಸ್ಸಿಗೆ ಬಂದರು. ಮೊದಲ ಫಲಿತಾಂಶದ ಮೇಲಿನ ತಕರಾರು ನ್ಯಾಯಾಲಯದಲ್ಲಿದ್ದ ಕಾರಣ ಉಪಚುನಾವಣೆ 2021ರ ಏಪ್ರಿಲ್‌ವರೆಗೆ ತಡವಾಯಿತು. ಅದೇ ಇಬ್ಬರು, ಅದೇ ಊರುಗಳು, ಪಕ್ಷಗಳು ಮಾತ್ರ ಅದಲುಬದಲು. ಈ ಸಲ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಏಕೆ ಎಂದು ಉಪನ್ಯಾಸಕರು ಕೇಳಿದ ಕೂಡಲೇ ಹಜಾರದಲ್ಲಿ ಗದ್ದಲವೆದ್ದಿತು. ಪಕ್ಷಾಂತರದ ಸಿಟ್ಟು ಎಂದರು ಒಬ್ಬರು. ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತ 5ಎ ಕಾಲುವೆಯ ಬೇಡಿಕೆ ಎಂದರು ಮಸ್ಕಿಯ ಕಡೆಯವರು. ಸೋತವರ ಮೇಲಿನ ಕನಿಕರ, ಜಾತಿಯ ಲೆಕ್ಕ, ದುಡ್ಡು ಎಂದು ಉಳಿದವರು ಸೇರಿಸಿದರು. ಎಲ್ಲವನ್ನೂ ಹಲಗೆಯ ಮೇಲೆ ಬರೆದು ಅವರು ಒಂದೊಂದಕ್ಕೂ ಎದುರು ಪ್ರಶ್ನೆ ಹಾಕಿದರು. ಜಾತಿಯೇ ಕಾರಣವಾದರೆ ಎರಡು ಚುನಾವಣೆಗಳ ನಡುವೆ ಯಾರ ಜಾತಿ ಬದಲಾಯಿತು? ಕಾಲುವೆಯೇ ಕಾರಣವಾದರೆ, ಕಾಲುವೆಗೆ ಸಂಬಂಧವಿಲ್ಲದ ಊರುಗಳ ಮತಗಟ್ಟೆಗಳಲ್ಲಿ ಏನಾಯಿತು ಎಂದು ನೋಡಿದ್ದೀರಾ? ಒಂದು ಫಲಿತಾಂಶವನ್ನಿಟ್ಟುಕೊಂಡು ಕಾರಣಗಳನ್ನು ಬಿಡಿಸಿ ತೂಗಲು ಆಗುವುದಿಲ್ಲ, ಮತಗಟ್ಟೆವಾರು ಅಂಕಿಗಳನ್ನು ಹಿಡಿದು ಊರೂರಿಗೆ ಹೋಗಬೇಕು ಎಂದು ಅವರು ತಾಳ್ಮೆಯಿಂದ ತೋರಿಸಿದರು. ಟಿವಿಯಲ್ಲಿ ಎಣಿಕೆಯ ದಿನ ಮಧ್ಯಾಹ್ನದೊಳಗೆ ಕಾರಣ ಹೇಳಿ ಮುಗಿಸುವುದನ್ನು ನೋಡಿ ಬೆಳೆದ ನನಗೆ ಆ ತಾಳ್ಮೆಯೇ ಹೊಸದಾಗಿತ್ತು.

ಮತಬ್ಯಾಂಕ್ ಎಂಬ ಪದವನ್ನು ಬಳಕೆಗೆ ತಂದವರು ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಅದೂ 1955ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ ಬರೆಯುವಾಗ, ಎಂದು ತಿಳಿದದ್ದೂ ಅಂದೇ. ಇಂದು ನಾವು ಆ ಪದವನ್ನು ಒಂದು ಜಾತಿ ಅಥವಾ ಧರ್ಮದವರ ಇಡೀ ಗುಂಪಿಗೆ ಬೈಗುಳದಂತೆ ಬಳಸುತ್ತೇವೆ. ಶ್ರೀನಿವಾಸರು ಹೇಳಿದ್ದು ಊರಿನ ಯಜಮಾನನಿಗೆ ಕಟ್ಟುಬಿದ್ದವರ ಮತಗಳ ಬಗ್ಗೆ, ಅಂದರೆ ಋಣದ ಬಗ್ಗೆ.

ಆ ವಾರದ ಮನೆಗೆಲಸ ಹತ್ತು ಜನರನ್ನು ಮಾತಾಡಿಸಿ ಬರುವುದು. ಯಾರಿಗೆ ಹಾಕಿದಿರಿ ಎಂದು ಕೇಳಕೂಡದು, ನಾಲ್ಕು ಜನರ ಮುಂದೆ ಕೇಳಕೂಡದು, ಉತ್ತರವನ್ನು ನಾವೇ ಬಾಯಿಗಿಡಕೂಡದು. ಕಳೆದ ಸಲ ಒಂದು ಕೆಲಸ ಆಗಬೇಕಾದಾಗ ಯಾರ ಬಳಿ ಹೋದಿರಿ ಎಂದು ಆರಂಭಿಸಬೇಕು. ನಾನು ಮೊದಲ ಐದು ಜನರನ್ನು ಅಂಗಡಿಯ ಕಟ್ಟೆಯ ಮೇಲೆ, ನಿಯಮ ಮುರಿದು, ಎಲ್ಲರ ನಡುವೆ ಕೇಳಿದೆ. ಐವರೂ ಅಭಿವೃದ್ಧಿ ಎಂದರು. ಉಳಿದವರನ್ನು ಒಬ್ಬೊಬ್ಬರಾಗಿ ಅವರ ಮನೆಗಳಲ್ಲಿ ಕೇಳಿದೆ, ಆಗ ಅಭಿವೃದ್ಧಿ ಎಂಬ ಪದ ಒಬ್ಬರ ಬಾಯಲ್ಲೂ ಬರಲಿಲ್ಲ. ಕಾಲುವೆಯ ನೀರಗಂಟಿಯೊಬ್ಬರು ತಮ್ಮ ಕೆಲಸ ಉಳಿಸಿದವರ ಬಗ್ಗೆ ಹೇಳಿದರು. ಹಳ್ಳಿಯಲ್ಲಿರುವ ನನ್ನ ಚಿಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ: “ರೊಕ್ಕ ಎಲ್ಲಾರೂ ಕೊಡ್ತಾರಪ್ಪ, ಇಸ್ಕೊಂಡಿದ್ದೂ ಖರೆ. ಆದ್ರ ನಿಮ್ಮ ಚಿಗಪ್ಪಗ ಲಕ್ವಾ ಹೊಡದ ರಾತ್ರಿ ಗಾಡಿ ತಂದು ನಿಲ್ಲಿಸ್ದಂವ ಒಬ್ಬನ. ಅಂವ ಯಾರಿಗೆ ಹಾಕವ್ವಾ ಅಂತಾನ, ಅವ್ರಿಗೆ ಹಾಕೀನಿ.”

ದುಡ್ಡು ಕೊಟ್ಟರೆ ಜನ ಮತ ಹಾಕುತ್ತಾರೆ ಎಂದು ಇಷ್ಟು ವರ್ಷ ಅಂಗಡಿಯಲ್ಲಿ ಕುಳಿತು ಹೇಳುತ್ತಿದ್ದವನು ನಾನು. ಮತಕ್ಕಾಗಿ ಹಣ ಹಂಚುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೆಯ ಕಲಮಿನ ಪ್ರಕಾರ ಭ್ರಷ್ಟ ಆಚರಣೆ, ಅದರ ಕೆಡುಕಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಎಲ್ಲರಿಂದಲೂ ಹಣ ಬರುವಲ್ಲಿ ಹಣ ಯಾರನ್ನೂ ಗೆಲ್ಲಿಸಲಾರದು, ಕೊಡದವರು ಲೆಕ್ಕಕ್ಕೇ ಬರುವುದಿಲ್ಲ ಎಂಬಷ್ಟೇ ಅದರ ಕೆಲಸವಾಗಬಹುದು. ಅಮೆರಿಕದ ಓಹಿಯೋದ ಒಂದು ಜಿಲ್ಲೆಯಲ್ಲಿ 1940ರ ಚುನಾವಣೆಯ ವೇಳೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಮತದಾರರನ್ನು ಮತ್ತೆ ಮತ್ತೆ ಮಾತಾಡಿಸಿ ಕಂಡುಕೊಂಡದ್ದು, ರೇಡಿಯೋ ಪತ್ರಿಕೆಗಳಿಗಿಂತ ಪರಿಚಿತರ ಮಾತೇ ಹೆಚ್ಚು ನಾಟುತ್ತದೆ ಎಂಬುದನ್ನು. ನನ್ನ ಚಿಗವ್ವನ ಆ ಗಾಡಿಯವನು ಯಾವ ಪಕ್ಷದ ಪದಾಧಿಕಾರಿಯೂ ಅಲ್ಲ, ಅವನ ಹೆಸರು ಯಾವ ಸಮೀಕ್ಷೆಯಲ್ಲೂ ಬರುವುದಿಲ್ಲ.

ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ಕೊರತೆಗಳನ್ನೂ ಮುಚ್ಚಿಡದೆ ಹೇಳಬೇಕು. ಗ್ರಾಮ ಪಂಚಾಯಿತಿ ಚುನಾವಣೆಗೆ ಅರ್ಧ ತಾಸು ಮಾತ್ರ ಕೊಟ್ಟರು. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅಲ್ಲಿ ಪಕ್ಷದ ಚಿಹ್ನೆಗಳಿಲ್ಲ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಎಂದು ಹೇಳಿ ಮುಗಿಸಿಬಿಟ್ಟರು. ಅತಿ ಹೆಚ್ಚು ಜನ ಸ್ವತಃ ಸ್ಪರ್ಧಿಸುವುದು, ಒಂದೇ ಮನೆಯಲ್ಲಿ ಬಿರುಕು ಮೂಡುವುದು, 2020ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಸುದ್ದಿ ಬಂದಂತೆ ಸ್ಥಾನಗಳನ್ನೇ ಹರಾಜು ಹಾಕುವುದು, ಇವೆಲ್ಲ ನಡೆಯುವುದು ಆ ಚುನಾವಣೆಯಲ್ಲೇ. ಅದಕ್ಕೆ ಒಂದು ಪೂರ್ತಿ ಭಾನುವಾರ ಬೇಕಿತ್ತು.

ಗುಳೆಯ ವಿಷಯವೂ ಹಾಗೆಯೇ ತೇಲಿಹೋಯಿತು. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ, ನಮ್ಮ ದೊಡ್ಡ ಚುನಾವಣೆಗಳು ಬರುವುದೂ ಏಪ್ರಿಲ್ ಮೇ ತಿಂಗಳಲ್ಲೇ. 2024ರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳು ಮತ ಹಾಕಿದ್ದು ಮೇ 7ರಂದು. ವಲಸೆ ಹೋದವರು ಇದ್ದಲ್ಲಿಂದಲೇ ಮತ ಹಾಕಲೆಂದು 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2022ರ ಕೊನೆಯಲ್ಲಿ ಪ್ರಕಟಿಸಿತ್ತು. ಪಕ್ಷಗಳು ಒಪ್ಪದ ಕಾರಣ ಅದು ಮುಂದೆ ಸಾಗಲಿಲ್ಲ. ಬಸ್ಸಿನ ಖರ್ಚು ಕೊಟ್ಟು ಕರೆಸಿಕೊಳ್ಳುವ ಅಭ್ಯರ್ಥಿಯ ಋಣದಲ್ಲಿ ಒಬ್ಬ ಕೂಲಿಕಾರ ಮತ ಹಾಕುವುದು, ಕರೆಸಿಕೊಳ್ಳುವವರಿಲ್ಲದೆ ಅವನು ಮತ ಹಾಕದೆಯೇ ಉಳಿಯುವುದು, ಎರಡೂ ನಮ್ಮ ಸೀಮೆಯ ಚುನಾವಣೆಯ ಭಾಗ. ಪಾಠ ನಡೆಯುವುದೇ ರಾಯಚೂರಿನಲ್ಲಿ ಎಂದಾದಾಗ ಇದು ಬಿಟ್ಟುಹೋಗಬಾರದಿತ್ತು.

ಮೂವತ್ತು ಜನರಲ್ಲಿ ಹೆಣ್ಣುಮಕ್ಕಳು ಐವರು ಮಾತ್ರ ಇದ್ದರು. ಭಾನುವಾರ ಮಧ್ಯಾಹ್ನ ಎರಡಕ್ಕೆ ಮನೆಯ ಊಟ ಮುಗಿದಿರುವುದಿಲ್ಲ, ಐದಕ್ಕೆ ಹೊರಟರೆ ದೂರದ ಊರಿನವರು ಮನೆ ಸೇರುವಾಗ ಕತ್ತಲಾಗಿರುತ್ತದೆ. ಶಕ್ತಿ ಯೋಜನೆಯ ಉಚಿತ ಬಸ್ಸಿದ್ದರೂ ಆ ಹೊತ್ತಿಗೆ ಬಸ್ಸೇ ಇರದ ಊರುಗಳಿವೆ. ಬೆಳಿಗ್ಗೆ ಹತ್ತಕ್ಕೆ ಆರಂಭಿಸಿದರೆ ಇನ್ನಷ್ಟು ಜನ ಬರಬಹುದು. ಶುಲ್ಕ ದುಡಿಯುವವರಿಗೆ ಹೆಚ್ಚೇನಲ್ಲ, ಆದರೆ ವಿದ್ಯಾರ್ಥಿಗಳಿಗೆ ಅರ್ಧಕ್ಕೆ ಇಳಿಸುವುದು ಒಳ್ಳೆಯದು. ಕೊಟ್ಟ ಟಿಪ್ಪಣಿಗಳು ಹಲವು ಬಾರಿ ನಕಲಾದ ಮಸುಕು ಹಾಳೆಗಳಾಗಿದ್ದವು, ನಮೂನೆ 6, 7 ಮತ್ತು 8ರ ವ್ಯತ್ಯಾಸ ಹೇಳುವ ಪುಟವನ್ನು ನಾನು ಕೈಯಿಂದ ಮತ್ತೆ ಬರೆದುಕೊಳ್ಳಬೇಕಾಯಿತು. ಹೊಸದಾಗಿ ಹೆಸರು ಸೇರಿಸಲು 6, ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ 8 ಎಂಬ ಆ ಪುಟ ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ಹದಿನೆಂಟು ತುಂಬಿದವರು ಜನವರಿಗಾಗಿ ಕಾಯಬೇಕಿಲ್ಲ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ಒಂದನೆಯ ತಾರೀಕುಗಳೂ ಅರ್ಹತಾ ದಿನಗಳೇ ಎಂಬುದನ್ನು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಯಾವ ಪಕ್ಷ ಒಳ್ಳೆಯದು ಎಂಬ ಉತ್ತರಕ್ಕಾಗಿ ಹೋಗುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ, ಇಬ್ಬರು ಗುರುಗಳೂ ಕೊನೆಯ ದಿನದವರೆಗೆ ತಮ್ಮ ಒಲವನ್ನು ಬಿಟ್ಟುಕೊಡಲಿಲ್ಲ. ಮೊದಲ ಬಾರಿ ಮತ ಹಾಕುವವರು, ಪಂಚಾಯಿತಿಗೆ ನಿಲ್ಲುವ ಯೋಚನೆಯಲ್ಲಿರುವವರು, ಏಜೆಂಟರಾಗಿ ಕೂರುವವರು ಮತ್ತು ನನ್ನಂತೆ ದಿನವಿಡೀ ಜನರ ನಡುವೆ ಕುಳಿತು ಚುನಾವಣೆಯ ಮಾತಾಡುವವರು ಖಂಡಿತ ಹೋಗಬೇಕು. ಐದು ಅಂಕಗಳಲ್ಲಿ ನಾಲ್ಕು ಕೊಡುತ್ತೇನೆ, ಉಳಿದ ಒಂದನ್ನು ಪಂಚಾಯಿತಿಯ ಪಾಠಕ್ಕಾಗಿ ಕಾಯ್ದಿರಿಸಿದ್ದೇನೆ. ಕೊನೆಯ ದಿನ ಈ ಮಾತನ್ನು ಉಪನ್ಯಾಸಕರಿಗೆ ಹೇಳಿದಾಗ ಅವರು ತಮ್ಮ ವಹಿಯಲ್ಲಿ ಬರೆದುಕೊಂಡು, ಹಾಗಾದರೆ ನಿಮ್ಮ ಚಿಗವ್ವನನ್ನೇ ಆ ಪಾಠಕ್ಕೆ ಕರೆದುಕೊಂಡು ಬನ್ನಿ ಎಂದರು. ಕೇಳಿದ್ದೇನೆ. ಬೆಳಗಿನ ಹೊತ್ತಾದರೆ ಬರುತ್ತೇನೆ ಎಂದಿದ್ದಾಳೆ.